ಪ್ರೊಜೆಕ್ಟರು ಮತ್ತು ಭಾವಿ ಅಳಿಯ

ಸಂಕೇತನ ಫಜೀತಿಗೆಲ್ಲ ಮೂಲ ಒಂದು ಸಡಿಲವಾದ ಪ್ಲಗ್ಗು.

ಅಂಕೋಲೆ ಪೇಟೆಯಲ್ಲಿ ಝೆರಾಕ್ಸ್ ತೆಗೆಯುವ, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಒಂದು ದಿನ ಬೋಟಿನ ವಿಮೆಯ ಕಾಗದ ತಲುಪಿಸಲು ಕೇಣಿಯ ಕಿಶನನ ಮನೆಗೆ ಹೋಗಿದ್ದ. ನೆಪ ಕಾಗದದ್ದು, ಆಸೆ ಕಿಶನನ ಮಗಳು ಸಪ್ನಾಳನ್ನು ಕಾಣುವುದು. ಒಳಗೆ ಕಾಲಿಟ್ಟರೆ ಮನೆಮಂದಿಯೆಲ್ಲ ಸತ್ತ ಟಿವಿಯ ಸುತ್ತ ಕಾಯಿಲೆಯವರ ಮಂಚ ಸುತ್ತುವರಿದಂತೆ ನಿಂತಿದ್ದಾರೆ. ಸಂಕೇತ ಹಿಂದೆ ಬಗ್ಗಿ ನೋಡಿದ, ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿದ. ಟಿವಿ ಬದುಕಿಕೊಂಡಿತು. ಅವತ್ತಿನಿಂದ ಕೇಣಿಯಲ್ಲಿ ಅವನ ಹೆಸರು ಇಂಜಿನಿಯರ್ ಎಂದಾಯಿತು.

ಮಳೆಗಾಲ ಬಂತು. ಸರಕಾರ ಮೀನು ಹಿಡಿಯುವುದನ್ನು ನಿಲ್ಲಿಸಿದ ತಿಂಗಳುಗಳವು. ಕಿಶನನ ಬೋಟು ದಡದಲ್ಲಿ, ಕಿಶನ ಜಗಲಿಯಲ್ಲಿ. ಕೂತು ಕೂತು ಬೇಜಾರು ಹತ್ತಿ ಒಂದು ಬೆಳಿಗ್ಗೆ ಅವನು ಮನೆಯಲ್ಲೇ ಸಿನಿಮಾ ಮಂದಿರ ಮಾಡುವುದೆಂದು ತೀರ್ಮಾನಿಸಿ ಸಂಕೇತನಿಗೆ ಫೋನು ಹಚ್ಚಿದ.

"ತಮಾ, ಕಾರವಾರಕ್ಕೆ ಹೋಗೂದದೆ. ಒಳ್ಳೇ ಎಚ್‌ಡಿ ಪ್ರೊಜೆಕ್ಟರ್ ಆರ್ಸಿ ಕೊಡ್ಬೇಕು ನೀನು. ಮೀನಿನ ಮೈಮೇಲಿನ ಹುರುಪೆಯೂ ಲೆಕ್ಕ ಮಾಡೂ ಹಾಂಗೆ ಕಾಣ್ಬೇಕು."

"ಆಯ್ತು ಮಾಮಾ," ಎಂದ ಸಂಕೇತ. ಊರವರೆಲ್ಲ ಕಿಶನನನ್ನು ಕಾಕಾ ಎಂದು ಕರೆಯುತ್ತಿದ್ದರೆ, ಇವನೊಬ್ಬ ಮಾತ್ರ ದೂರಾಲೋಚನೆಯಿಂದ ಮಾಮಾ ಎನ್ನುತ್ತಿದ್ದ.

ಫೋನು ಇಟ್ಟ ಕೂಡಲೇ ಸಪ್ನಾಳ ಫೋನು ಬಂತು. ಅವಳ ದನಿ ಹಿತ್ತಿಲ ಬಾವಿಯೊಳಗಿಂದ ಬಂದಂತೆ ಪಿಸುಗುಡುತ್ತಿತ್ತು.

"ಕಾರವಾರದಿಂದ ನಂಗೊಂದು ಸಂಬಂಧ ಬಂದದೆ. ಅಪ್ಪ ನಾಳೆ ಉತ್ತರ ಹೇಳೂದಂತೆ. ಇವತ್ತು ಅಪ್ಪನ್ನ ಖುಷಿ ಮಾಡು, ಖುಷಿಯಾದ ಕೂಡ್ಲೆ ನಮ್ಮ ವಿಷ್ಯ ಕೇಳು. ನೀ ಕೇಳ್ದೇ ಇದ್ರೆ ನಾ ನಿನ್ನ ನಂಬರ್ ಬ್ಲಾಕ್ ಮಾಡ್ತೆ."

ಸಂಕೇತನಿಗೆ ಪ್ರೊಜೆಕ್ಟರಿನ ವಿಷಯದಲ್ಲಿ ತಿಳಿದಿದ್ದು ಅದಕ್ಕೂ ಒಂದು ಪ್ಲಗ್ಗಿರುತ್ತದೆ ಎಂಬುದಷ್ಟೇ. ಪಿಕಪ್ ಗಾಡಿ ಬರುವಷ್ಟರಲ್ಲಿ ಮೊಬೈಲಿನಲ್ಲಿ ಸಿಕ್ಕಿದ್ದೆಲ್ಲ ಓದಿದ. ಲ್ಯೂಮೆನ್ಸು, ಕಾಂಟ್ರಾಸ್ಟು, ಥ್ರೋ ಡಿಸ್ಟೆನ್ಸು ಎಲ್ಲ ತಲೆಯೊಳಗೆ ಬುಟ್ಟಿಯಲ್ಲಿನ ಏಡಿಗಳಂತೆ ಒಂದರ ಮೇಲೊಂದು ಹತ್ತಿಕೊಂಡವು. ಕೊನೆಗೆ ಒಂದೇ ಒಂದು ಮಾತು ಗಟ್ಟಿಯಾಗಿ ನಿಂತಿತು: ಪೆಟ್ಟಿಗೆಯ ಮೇಲೆ ಎಷ್ಟೇ ದೊಡ್ಡ ಅಂಕಿ ಬರೆದಿರಲಿ, ಯಂತ್ರದ ಸ್ವಂತ ಸ್ಪಷ್ಟತೆ, ಅಂದರೆ ನೇಟಿವ್ ರೆಸಲ್ಯೂಷನ್, ಎಷ್ಟೆಂದು ಕೇಳಬೇಕು.

ಗಾಡಿ ಓಡಿಸುವ ಕಿಶನನ ಜೊತೆ ಪಕ್ಕದ ಮನೆಯ ದತ್ತಾನೂ ಇದ್ದ. ದತ್ತಾ ಹಿಂದೊಮ್ಮೆ ಟೂರಿಂಗ್ ಟಾಕೀಸಿನ ಬಾಗಿಲಲ್ಲಿ ಟಿಕೇಟು ಹರಿದವನು. ಆದ್ದರಿಂದ ಸಿನಿಮಾ ಎಂಬ ವಿಷಯ ಭೂಮಿಯ ಮೇಲೆ ಎಲ್ಲಿ ಎದ್ದರೂ ಅದು ತನ್ನ ಖಾತೆ ಎಂದು ತಿಳಿದಿದ್ದ. ಇಬ್ಬರ ನಡುವೆ, ಗಾಡಿಯ ಗಿಯರ್ ಕೋಲನ್ನು ಮೊಣಕಾಲ ಸಂದಿಯಲ್ಲಿಟ್ಟುಕೊಂಡು, ಸಂಕೇತ ಕಾರವಾರದವರೆಗೆ ಉಸಿರು ಬಿಗಿಹಿಡಿದು ಕೂತ.

"ಈಗಿನ ಮಷಿನ್ನು ಎಂತ ಮಷಿನ್ನು!" ದತ್ತಾ ದಾರಿಯುದ್ದಕ್ಕೂ ಹೇಳಿದ. "ನಮ್ಮ ಟಾಕೀಸ್ನಲ್ಲಿ ಕಾರ್ಬನ್ ಕಡ್ಡಿ ಉರೀತಿತ್ತು. ಅದರ ಬೆಳಕಿಗೆ ಹೊರಗೆ ಕೋಳಿ ಕೂಗ್ತಿದ್ವು."

ಕಾರವಾರದ ಅಂಗಡಿಯ ಮಾಲೀಕ ಜಗದೀಶ ಗಿರಾಕಿಯನ್ನು ಕಂಡರೆ ಕೈಯೊಂದೇ ಅಲ್ಲ, ಇಡೀ ಮೈ ಮುಗಿಯುವ ಆಸಾಮಿ. ಮೂವರನ್ನೂ ಕತ್ತಲೆಯ ಕೋಣೆಗೆ ಕರೆದೊಯ್ದು ಒಂದು ಪುಟ್ಟ ಡಬ್ಬಿ ತೋರಿಸಿದ.

"ಇದು ಫೋರ್‌ಕೆ ಸಪೋರ್ಟು ಸಾರ್."

ಸಂಕೇತ ಗಂಟಲು ಸರಿಮಾಡಿಕೊಂಡು ತನ್ನ ಏಕೈಕ ಅಸ್ತ್ರ ಬಿಟ್ಟ. "ಸಪೋರ್ಟು ಇರ್ಲಿ. ನೇಟಿವ್ ಎಷ್ಟು?"

ಕಿಶನ ಹೆಮ್ಮೆಯಿಂದ ಅವನ ಬೆನ್ನು ತಟ್ಟಿದ. "ಹಾಂ, ಅದನ್ನ ಮೊದ್ಲು ಕೇಳ್ಬೇಕು. ನೇಟಿವ್ ಯಾವೂರು ಇದರದ್ದು?"

"ನೇಟಿವ್ ಚೈನಾ ಸಾರ್," ಜಗದೀಶ ಒಂದು ಕ್ಷಣವೂ ತಡವರಿಸಲಿಲ್ಲ. "ಆದ್ರೆ ಈಗ ಇಲ್ಲೇ ಸೆಟ್ಲ್ ಆಗ್ಯದೆ."

ಅಸ್ತ್ರ ಹೀಗೆ ವ್ಯರ್ಥವಾದ ಮೇಲೆ ಸಂಕೇತನ ಬತ್ತಳಿಕೆಯಲ್ಲಿ ಏನೂ ಉಳಿಯಲಿಲ್ಲ. ಜಗದೀಶ ಗೋಡೆಯ ಮೇಲೆ ಸಮುದ್ರದ ತಳದ ವಿಡಿಯೋ ಬಿಟ್ಟ. ಮೀನುಗಳು ಹಿಂಡು ಹಿಂಡಾಗಿ ಬಂದವು. ಕಿಶನ ಎದ್ದು ಹೋಗಿ ಗೋಡೆಗೆ ಮೂಗು ತಾಗಿಸಿ ನಿಂತ.

"ಇದು ನಿನ್ನೆ ಹಿಡ್ದ ಮಾಲು. ಕಣ್ಣು ಒಳಗೆ ಹೋಗ್ಯದೆ ನೋಡು. ಬೇಡ."

ಜಗದೀಶ ಇನ್ನೊಂದು ಯಂತ್ರ ಹಚ್ಚಿದ. ಅದೇ ಮೀನು, ತುಸು ಹೊಳಪು ಜಾಸ್ತಿ.

"ಇದು ಐಸ್ನಲ್ಲಿ ಇಟ್ಟದ್ದು. ಮೋಸ."

ಮೂರನೆಯದನ್ನು ಹಚ್ಚಿದಾಗ ಮೀನಿನ ಕಣ್ಣು ಮಣಿಯಂತೆ ಮಿಂಚಿತು, ಕಿವಿರು ದಾಸವಾಳದಂತೆ ಕೆಂಪಗಾಯಿತು. ಕಿಶನನ ಕೈ ತಾನಾಗಿ ಗೋಡೆಗೆ ಹೋಗಿ ಮೀನಿನ ಬಾಲ ಹಿಡಿಯಲು ನೋಡಿತು. "ಇದು! ಈಗಷ್ಟೇ ಬಲೆಯಿಂದ ತೆಗ್ದದ್ದು!"

"ಮನೇಲಿ ಗೋಡೆಗೆ ಎಷ್ಟು ದೂರ ಸಿಗ್ತದೆ ಸಾರ್?" ಜಗದೀಶ ಕೇಳಿದ.

ಕಿಶನನಿಗೆ ಅಡಿಯೂ ಗೊತ್ತಿಲ್ಲ, ಮೀಟರೂ ಗೊತ್ತಿಲ್ಲ. ಹುಟ್ಟಿದಾಗಿಂದ ಹಗ್ಗವನ್ನೂ ಬಲೆಯನ್ನೂ ಮಾರಿನಲ್ಲಿ ಅಳೆದವನು. "ಒಂದು ಮಾರು, ಮತ್ತೊಂದು ಮಾರು..." ಎಂದು ಎರಡೂ ಕೈ ಚಾಚಿ ಕೋಣೆಯನ್ನು ಅಳೆಯುತ್ತ ಹೊರಟ. ಎಡಗೈ ದತ್ತಾನ ಕನ್ನಡಕವನ್ನು ಹಾರಿಸಿತು. ಬಲಗೈ ತಾಗಿದ ಸ್ಪೀಕರು ತೂಗಿ, ಯೋಚಿಸಿ, ಸಂಕೇತನ ಕಾಲಿನ ಮೇಲೆ ಬಿತ್ತು. ಭಾವಿ ಮಾವನ ಎದುರು ಅಳಬಾರದೆಂದು ಸಂಕೇತ ನಕ್ಕ. ಆ ನಗು ನೋಡಿ ಜಗದೀಶ ಅವನಿಗೆ ನೀರು ತಂದುಕೊಟ್ಟ.

ಆ ಮೇಲೆ ನಿಜವಾದ ಪೇಚು ಬಂತು. ಆ ಮೂರನೆಯ ಯಂತ್ರ ಎರಡು ಬಣ್ಣದಲ್ಲಿತ್ತು, ಕಪ್ಪು ಮತ್ತು ಬಿಳಿ. ಟಾಕೀಸಿನ ಯಂತ್ರ ಕಪ್ಪಗಿತ್ತು, ಅದಕ್ಕೇ ಕಪ್ಪು ಎಂದ ದತ್ತಾ. ಕಿಶನ ಮೀಸೆ ತಿರುವಿ, "ಇಂಜಿನಿಯರ್ ಹೇಳ್ಲಿ," ಎಂದ.

ಆಗಲೇ ಸಂಕೇತನ ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಸಪ್ನಾಳ ಸಂದೇಶ: 'ಬಿಳೀದು ಇದ್ರೆ ಬಿಳೀದೇ ತಕಾ. ಕಿಟ್ಕಿ ಪರದೆಗೆ ಮ್ಯಾಚ್ ಆಗ್ತದೆ.'

"ಬಿಳೀದು ಮಾಮಾ," ಸಂಕೇತ ಗಂಭೀರವಾಗಿ ಹೇಳಿದ. "ಬೆಳಕು ಬಿಡೂ ಮಷಿನ್ನು ಕಪ್ಪಿದ್ರೆ ಅರ್ಧ ಬೆಳಕು ಅದೇ ಕುಡೀತದೆ."

ವರ್ಷಗಟ್ಟಲೆ ಪ್ರೊಜೆಕ್ಟರ್ ಮಾರಿದ ಜಗದೀಶನೂ ಈ ವಿಜ್ಞಾನ ಕೇಳಿ ಬೆರಗಾದ. ಕಿಶನನಂತೂ ಬಿಳಿ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡ. ವಾಪಸು ಬರುವಾಗ ಸಂಕೇತನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಗಿಯರ್ ಕೋಲು ದತ್ತಾನ ಪಾಲಾಯಿತು. ಇದು ಶುಭಸೂಚನೆ ಎಂದು ಸಂಕೇತ ಕುಂಟುಗಾಲನ್ನು ಮರೆತು ಒಳಗೊಳಗೇ ಹಿಗ್ಗಿದ.

ಸಂಜೆ ಕೇಣಿಯಲ್ಲಿ ಸುದ್ದಿ ಹಬ್ಬಿತ್ತು. ಗೋಣಿ ಕೊಪ್ಪೆ, ಕೊಡೆ, ಪ್ಲಾಸ್ಟಿಕ್ ಹೊದ್ದು ಕೇರಿಯ ಜನವೆಲ್ಲ ಕಿಶನನ ಪಡಸಾಲೆಗೆ ಬಂದು ಕೂತಿತು. ಎದುರು ಸಾಲಿನಲ್ಲಿ ಕಿಶನನ ಅತ್ತೆ ಮಂಜಿ, ತಲೆಯ ಮೇಲೆ ತೆಂಗಿನಕಾಯಿಯಷ್ಟು ದೊಡ್ಡ ತುರುಬು. ಗೋಡೆಗೆ ಗಿಳಿಹಸಿರು ಬಣ್ಣ. ಅದರ ಮೇಲೆ ಚಿತ್ರ ಬಿಟ್ಟರೆ ನಾಯಕ, ನಾಯಕಿ, ಖಳನಾಯಕ ಎಲ್ಲರಿಗೂ ಕಾಮಾಲೆ. ಕಿಶನನ ಹೆಂಡತಿ ದುರ್ಗಿ ಪೆಟ್ಟಿಗೆಯಿಂದ ಹೊಸ ಬಿಳಿ ಚಾದರ ತೆಗೆದು, "ಇದಕ್ಕೆ ಮೊಳೆ ಹೊಡೆದ್ರೆ ನಾ ನಿಮಗೆ ಮೊಳೆ ಹೊಡೀತೆ," ಎಂದು ಗಂಡನಿಗೆ ಎಚ್ಚರಿಕೆ ಕೊಟ್ಟು, ಬಟ್ಟೆಯ ಕ್ಲಿಪ್ಪುಗಳಿಂದ ಹಗ್ಗಕ್ಕೆ ತಾನೇ ಕಟ್ಟಿದಳು.

ಮೇಜಿನ ಮೇಲೆ ಪ್ರೊಜೆಕ್ಟರ್ ಇಟ್ಟರೆ ಪರದೆಯ ಅರ್ಧ ಭಾಗ ಮಂಜಿಯ ತುರುಬು.

"ಅತ್ತೆ, ಸ್ವಲ್ಪ ತಗ್ಗು!" ಎಂದ ಕಿಶನ.

"ನಾ ಯಾಕೆ ತಗ್ಗೂದು? ಮಷಿನ್ನು ಮೇಲೆ ಹತ್ಲಿ!" ಎಂದಳು ಮಂಜಿ.

ಅದೂ ಸರಿಯೇ. ಆದರೆ ಹಂಚಿನ ಮಾಡಿನ ಮನೆ. ಮೇಲೆ ತೊಲೆ ಬಿಟ್ಟರೆ ಬೇರೇನೂ ಇಲ್ಲ. ಕಿಶನ ಹಿತ್ತಿಲಿಗೆ ಹೋಗಿ ಬಲೆಯ ಒಂದು ತುಂಡು ತಂದ. ಪ್ರೊಜೆಕ್ಟರನ್ನು ಅದರೊಳಗೆ ಕೂರಿಸಿ, ಕಣ್ಣಿನ ಎದುರು ಮಾತ್ರ ತೂತು ಬಿಟ್ಟು, ಯಾವ ಬಿರುಗಾಳಿಗೂ ಬಿಚ್ಚದ ಗಂಟು ಹಾಕಿ ತೊಲೆಗೆ ತೂಗಿಬಿಟ್ಟ. ಸಂಕೇತ ಮೀನಿನ ಖಾಲಿ ಕ್ರೇಟುಗಳ ಮೇಲೆ ಕುಂಟುಗಾಲಲ್ಲಿ ನಿಂತು ವಯರು ಸಿಕ್ಕಿಸಿದ.

ಸಿನಿಮಾ ಶುರುವಾಯಿತು. ಎಂಥ ಸ್ಪಷ್ಟತೆ! ನಾಯಕಿಯ ಕಿವಿಯೋಲೆಯ ಹರಳು ಎಣಿಸಬಹುದಿತ್ತು. ಅಷ್ಟರಲ್ಲಿ ಜನರ ದಟ್ಟಣೆಗೆ ಸೆಕೆಯಾಗಿ ದುರ್ಗಿ ಫ್ಯಾನು ಹಾಕಿದಳು.

ಬಲೆ ತೂಗತೊಡಗಿತು. ಬಲೆಯ ಜೊತೆ ಪ್ರೊಜೆಕ್ಟರು, ಪ್ರೊಜೆಕ್ಟರಿನ ಜೊತೆ ಇಡೀ ಸಿನಿಮಾ. ನಾಯಕನ ಮನೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ತುಸು ಎದ್ದಿತು, ತುಸು ಇಳಿಯಿತು. ಸಂಕೇತನ ಹೊಟ್ಟೆಯಲ್ಲಿ ಮಧ್ಯಾಹ್ನದ ಬಂಗಡೆ ಸಾರು ಜೀವ ಪಡೆದು ಅಲುಗಿತು. ಅವನ ಮನೆಯವರೂ ಮೀನುಗಾರರೇ. ಆದರೆ ದೋಣಿ ಹತ್ತಿದ ಮೊದಲ ದಿನವೇ ವಾಂತಿ ಮಾಡಿಕೊಂಡು ಝೆರಾಕ್ಸ್ ಅಂಗಡಿ ಸೇರಿದವನು ಅವನು. ಎಲ್ಲ ಮುಗಿಯಿತು, ಈಗ ಮಾಮಾ ನನ್ನನ್ನು ಬಲೆಯಲ್ಲಿ ಕಟ್ಟಿ ತೂಗುತ್ತಾನೆ ಎಂದುಕೊಂಡು ಕಣ್ಣು ಮುಚ್ಚಿದ.

ಬೈಗುಳ ಕೇಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಇಡೀ ಪಡಸಾಲೆ ಸಿನಿಮಾದ ಜೊತೆ ಎಡಕ್ಕೂ ಬಲಕ್ಕೂ ಹಾಯಾಗಿ ವಾಲುತ್ತಿದೆ! ವಾರಗಟ್ಟಲೆ ದಡದಲ್ಲಿ ಕೂತು ಮೈ ಹಿಡಿದುಕೊಂಡಿದ್ದ ಗಂಡಸರ ಮುಖದಲ್ಲಿ ಕಳೆ ಬಂದಿತ್ತು.

"ಆಹಾ!" ಕಿಶನನ ಕಣ್ಣು ತುಂಬಿತ್ತು. "ಬೋಟ್ನಲ್ಲಿ ಕೂತು ನೋಡ್ದಾಂಗೆ ಅದೆ! ಎಂಥ ಮಷಿನ್ನು ಆರ್ಸಿಕೊಟ್ಟೆ ಮಾರಾಯ!"

"ನಮ್ಮ ಟಾಕೀಸ್ನಲ್ಲೂ ಇದಿರ್ಲಿಲ್ಲ," ಎಂದು ದತ್ತಾನೂ ಒಪ್ಪಿಕೊಂಡ. ಅದು ಅವನು ಜೀವಮಾನದಲ್ಲಿ ಒಪ್ಪಿಕೊಂಡ ಮೊದಲ ಮಾತು.

ಅಡುಗೆಮನೆಯ ಬಾಗಿಲಲ್ಲಿ ನಿಂತ ಸಪ್ನಾ ಕಣ್ಣಲ್ಲೇ 'ಈಗ! ಈಗ!' ಎಂದಳು. ಸಂಕೇತ ಬಂಗಡೆಯನ್ನು ಒಳಗೇ ಅದುಮಿಕೊಂಡು ಕಿಶನನ ಹತ್ತಿರ ಬಂದ.

"ಮಾಮಾ, ಒಂದು ಮಾತು ಕೇಳೂದಿತ್ತು."

"ನೀ ಎಂತ ಕೇಳೂಕೆ ಬಂದೆ ಅಂತ ನಂಗೆ ಗೊತ್ತದೆ," ಎಂದ ಕಿಶನ. "ಬೆಳಗಿಂದ ನೋಡ್ತೇ ಇದ್ದೆ. ಸ್ಪೀಕರ್ ಕಾಲ್ಮೇಲೆ ಬಿದ್ರೂ ನಗಾಡ್ದೆ. ನಮ್ಮ ಮನೆ ಮೇಲೆ ಪ್ರೀತಿ ಇಲ್ದವ ಹಾಂಗೆ ನಗೂದಿಲ್ಲ. ಏಯ್, ಪಿಕ್ಚರ್ ನಿಲ್ಸಿ!"

ಚಿತ್ರ ನಿಂತಿತು. ಸಪ್ನಾ ವೇಲಿನ ಅಂಚು ಕಚ್ಚಿದಳು.

ಕಿಶನ ಸಂಕೇತನ ಹೆಗಲ ಮೇಲೆ ಕೈಯಿಟ್ಟು ಕೇರಿಗೆಲ್ಲ ಕೇಳುವಂತೆ ಹೇಳಿದ. "ಎಲ್ರೂ ಕೇಳಿ. ಇವತ್ತಿಂದ ಈ ಸಂಕೇತ ನಮ್ಮ ಮನೆಯವ!"

ಚಪ್ಪಾಳೆ ಬಿತ್ತು. ದುರ್ಗಿ ಕಣ್ಣೊರೆಸಿಕೊಂಡು ಒಳಗಿಂದ ದೊಡ್ಡದೊಂದು ಬೆಲ್ಲದ ಅಚ್ಚು ತಂದು ಸಂಕೇತನ ಬಾಯಿಗೆ ತುರುಕಿದಳು. ಮಂಜಿ ನೆಟಿಗೆ ಮುರಿದಳು. ಸಂಕೇತ ಬೆಲ್ಲ ಕಚ್ಚಿಕೊಂಡೇ ಬಗ್ಗಿ ಮಾವನ ಕಾಲಿಗೆ ನಮಸ್ಕಾರ ಮಾಡಿದ.

"ನಂಗೆ ಗಂಡು ಹುಡ್ಗ ಇಲ್ಲ ಅಂತ ಇಷ್ಟು ವರ್ಷ ಕೊರಗಿತ್ತು," ಕಿಶನ ಅವನನ್ನು ಎಬ್ಬಿಸಿ ತಬ್ಬಿಕೊಂಡ. "ಇನ್ನು ಇವನೇ ನನ್ನ ಮಗ. ಸಪ್ನಾ, ಬಾ ಇಲ್ಲಿ. ನಿಂಗೊಬ್ಬ ಅಣ್ಣ ಸಿಕ್ಕ, ಕಾಲಿಗೆ ಬೀಳು! ತಮಾ, ಕಾರವಾರದ ಸಂಬಂಧಕ್ಕೆ ನಾಳೆ ಹೌದು ಅಂತ ಹೇಳ್ತೆ. ಹುಡ್ಗೀ ಅಣ್ಣ ಅಂತ ನೀನೇ ಮುಂದೆ ನಿತ್ಕಂಡು ಎಲ್ಲ ಮಾಡ್ಬೇಕು. ಅವರಿಗೂ ಈ ಪಿಕ್ಚರ್ ತೋರ್ಸ್ವಾ."

ಅಲ್ಲ, ಅಲ್ಲವೇ ಅಲ್ಲ ಎಂದು ಕೂಗಲು ಸಂಕೇತ ನೋಡಿದ. ಬಾಯಲ್ಲಿ ಬೆಲ್ಲದ ಅಚ್ಚು. "ಉಂ, ಉಂಉಂ!" ಎಂದಷ್ಟೇ ಹೊರಟಿತು.

"ಖುಷಿಗೆ ಮಾತೇ ಬರೂದಿಲ್ಲ ಪಾಪ," ಎಂದು ದತ್ತಾ ಅರ್ಥ ಹೇಳಿದ.

ಅವನು ಬೆಲ್ಲ ನುಂಗಿ ಬಾಯಿ ತೆರೆಯುವಷ್ಟರಲ್ಲಿ ಯಾರೋ ಸಿನಿಮಾ ಹಚ್ಚಿದರು. ಇಡೀ ಲೋಕ ಮತ್ತೆ ಎಡಕ್ಕೆ ವಾಲಿತು. ಬೆಲ್ಲಕ್ಕೂ ಬಂಗಡೆಗೂ ಹೊಟ್ಟೆಯಲ್ಲಿ ಜಗಳ ಹತ್ತಿ, ಸಂಕೇತ ಬಾಯಿಗೆ ಕೈ ಅಡ್ಡ ಹಿಡಿದು ಜನರ ತಲೆ, ಕಾಲು ದಾಟುತ್ತ ಅಂಗಳಕ್ಕೆ ಓಡಿದ. ತೆಂಗಿನ ಬುಡದಲ್ಲಿ ಎಲ್ಲ ಹೊರಗೆ ಬಂತು, ಕೇಳಬೇಕಾಗಿದ್ದ ಮಾತೊಂದನ್ನು ಬಿಟ್ಟು.

ಹಿಂದೆ ಬಳೆ ಸದ್ದಾಯಿತು. ಸಪ್ನಾ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು. ಸಮಾಧಾನದ ಒಂದು ಮಾತಾದರೂ ಸಿಕ್ಕೀತೆಂದು ಸಂಕೇತ ಮುಖ ಎತ್ತಿದ.

"ಕೇಳು ಅಂದ್ರೆ, ಬೆಲ್ಲ ತಿಂದು ನಮಸ್ಕಾರ ಬೇರೆ ಮಾಡ್ದೆ!"

"ಸಪ್ನಾ, ನಾನು..."

ಒಳಗಿಂದ ಕಿಶನನ ದನಿ ಮಳೆಯನ್ನೂ ಮೀರಿ ಬಂತು. "ಮಗಾ! ಎಲ್ಲಿ ಹೋದ್ಯೋ? ಪಿಕ್ಚರ್ ಸಾಕಾಗುವಷ್ಟು ತೂಗೂದಿಲ್ಲ. ಬಂದು ಫ್ಯಾನ್ ಜೋರು ಮಾಡು!"

ಸಪ್ನಾ ಚೊಂಬನ್ನು ಅವನ ಕೈಗೆ ಕುಕ್ಕಿದಳು.

"ಹೋಗು ಅಣ್ಣಾ. ಅಪ್ಪ ಕರೀತಾ ಇದ್ದ."