ನೀಲಿ ಗೇಟಿನ ಮನ್ಯಾಗ ನನ್ನ ತಾಳ್ಮಿ

ನನಗ ಸಿಟ್ಟು ಬರೋದಕ್ಕೂ ನನ್ನ ಮಾನ ಹೋಗೋದಕ್ಕೂ ನಡುವ ಭಾಳ ಹೊತ್ತು ಹಿಡಿಯಂಗಿಲ್ಲರೀ. ಒಂದು ಬಂತಂದ್ರ ಅದರ ಹಿಂದೇ ಇನ್ನೊಂದು ಬಂದೇ ಬರ್ತದ. ಬೀದರದ ಮೈಲೂರದಾಗ ನನ್ನ ಮನಿ, ಔರಾದನ್ಯಾಗ ಸಾಲಿ, ಗಣಿತದ ಮಾಸ್ತರ್ ನಾ. ದಿನಾ ಬಸ್ಸಿನ್ಯಾಗ ಹೋಗಿ ಬರೋದು. ಈ ವರ್ಷ ಮಗಳ ಲಗ್ನದ ಮಾತು ನಡದಿತ್ತು. ಸಿಟ್ಟು ಹಿಡ್ಕೋಬೇಕಾದ ಟೈಮು. ಖರೇ, ಆದ್ರ ಅದು ನನ್ನ ಮಾತು ಕೇಳ್ಬೇಕಲ್ಲ!

೧. ಬಾಗಲಾಗ ನಿಂತವ

ಬೀದರ ಬಸ್ ಸ್ಟ್ಯಾಂಡಿನ್ಯಾಗ ಔರಾದ ಬಸ್ ಬಂದ್ರ ಮಂದಿ ಮೊದಲ ಖಿಡಕಿ ಒಳಗಿಂದ ಟವೆಲ್ ಒಗೀತಾರ. ಟವೆಲ್ ಬಿದ್ದ ಸೀಟು ಅವರದು. ಇದು ನಮ್ಮ ಕಡಿ ಕಾಯ್ದೆ. ನಾನೂ ಟವೆಲ್ ಒಗದು ಬಾಗಲಿಗಿ ಓಡಿದೆ. ಅಲ್ಲೊಬ್ಬ ಆಸಾಮಿ ಅಡ್ಡ ನಿಂತಿದ್ದ. ನಾ ಹತ್ತಬೇಕು, ಅವ ಇಳೀಬೇಕು.

“ಸರೀರಿ ಅತ್ಲಾಗ! ಬಸ್ ಏನು ನಿಮ್ಮಪ್ಪಂದೇನು? ನಮಗೇನು ಕೆಲಸ ಇಲ್ಲೇನು?” ಅಂತ ಒದರಿದೆ.

ಆ ಮನುಷ್ಯ ಸರದು ನನಗ ದಾರಿ ಬಿಟ್ಟು, ಕೆಳಗ ಇಳದು, ಚಹಾದಂಗಡಿಗಿ ಹೋಗಿ ಆರಾಮ ಕುಂತ. ನಾ ಗೆದ್ದವನಂಗ ಸೀಟಿನ ಮ್ಯಾಲ ಕುಂತೆ. ಹೊತ್ತಾತು, ಬಸ್ ಬಿಡವಲ್ದು. “ಡ್ರೈವರ್ ಎಲ್ಲಿ ಸತ್ತಾನ್ರೀ?” ಅಂತ ಮತ್ತ ಒದರಿದೆ.

ಕಂಡಕ್ಟರ್ ಟಿಕೀಟ್ ಹರಕೋತನೇ ಅಂದ: “ನೀವೇ ಈಗ ಇಳಸಿ ಕಳಿಸಿದ್ರಲ್ಲರೀ ಸರ್. ಎರಡನೇ ಚಹಾ ಹೇಳ್ಯಾನ.”

ಇಡೀ ಬಸ್ಸು ನನ್ನ ಕಡಿ ತಿರುಗಿ ನೋಡ್ತು. ಹಿಂದಿನ ಸೀಟಿನ ಮುದುಕಿ ನನ್ನ ಬೆನ್ನು ತಟ್ಟಿ, “ಹೋಗಪ್ಪಾ, ಇಳದು ಕೈ ಮುಗದು ಕರಕೊಂಡ್ ಬಾ. ನಾವು ಊರು ಮುಟ್ಟಬೇಕು” ಅಂದ್ಳು. ಹೋದೆ. ಮುಗದೆ. ಮೂರನೇ ಚಹಾದ ರೊಕ್ಕ ನಾನೇ ಕೊಟ್ಟೆ.

೨. ಮೈಕಿನ ಮುಂದ

ಮರುದಿನ ಸಾಲ್ಯಾಗ ಪ್ರಾರ್ಥನಾ ಮುಗದ ಮ್ಯಾಲ ಹೆಡ್ ಮಾಸ್ತರ್ರು ನನ್ನ ಕರದು, “ಹುಡುಗರಿಗಿ ನಾಲ್ಕು ಮಾತು ಹೇಳ್ರಿ ಸರ್, ಇವತ್ತಿನ ವಿಷಯ ತಾಳ್ಮಿ” ಅಂದ್ರು. ಚಾಷ್ಟಿ ಮಾಡ್ಲತ್ತಾರೇನೋ ಅಂತ ಅವರ ಮಾರಿ ನೋಡಿದೆ. ಇಲ್ಲ, ಪಾಪ, ಅವರಿಗಿ ಬಸ್ಸಿನ ಸುದ್ದಿ ಇನ್ನಾ ಮುಟ್ಟಿದ್ದಿಲ್ಲ.

“ಮಕ್ಕಳೇ, ತಾಳ್ಮೆ ಅಂದರೆ…” ಅಂತ ಪುಸ್ತಕದ ಭಾಷಾದಾಗ ಸುರು ಮಾಡಿದೆ. ಮೈಕ್ ಬಂದ್ ಬಿತ್ತು. ತಟ್ಟಿದೆ. ಊದಿದೆ. ವಯರು ಜಗ್ಗಿದೆ. ಏನೂ ಇಲ್ಲ. ನೆತ್ತಿಗಿ ಏರ್ತು ನೋಡ್ರಿ, “ಏ ಹಾಳಾದ್ದೇ, ನಿನ್ನ ಸುಡುಗಾಡಿಗಿ ಹಾಕ್ಲಿ!” ಅಂದೆ.

ಬರೋಬ್ಬರಿ ಅದೇ ಹೊತ್ತಿಗಿ ಮೈಕ್ ಚಾಲೂ ಆತು. ರಸ್ತಾದ ಆಚಿ ಕಡಿ ಹೋಟೆಲ್ದಾಗ ಕುಂತ ಮಂದಿ ಎದ್ದು ನಿಂತು ನೋಡಿದ್ರು. ಮುಂದಿನ ಸಾಲಿನ ಹುಡುಗಿ ಭಾಳ ಶಾಣ್ಯಾಕಿ. ಪೆನ್ನು ಹಿಡ್ಕೊಂಡು ಕೇಳಿದ್ಳು: “ಸರ್, ‘ತಾಳ್ಮೆ ಅಂದರೆ’ ಆದ ಮ್ಯಾಲ ಏನಂದ್ರೀ? ಬರಕೋಳೋದು ಉಳೀತು.”

೩. ಮನಿಯ ಔಷಧ

ಭಾಲ್ಕಿ ಕಡಿಂದ ಮಗಳಿಗಿ ಒಂದು ಸಂಬಂಧ ಬಂದಿತ್ತು. ಹುಡುಗ ನೌಕರಿದಾರ, ಮಗಳಿಗಿ ಮನಸ್ಸಿಗಿ ಬಂದಿದ್ದ. ನಡುವಿನವರು ಫೋನ್ ಮಾಡಿ ಹೇಳಿದ್ರು: “ಹುಡುಗಿ ಬಗ್ಗಿ ಅವರದೇನೂ ತಕರಾರಿಲ್ಲ. ಹುಡುಗಿ ಅಪ್ಪಂದು ಭಾಳ ಸಿಟ್ಟು ಅಂತ ಕೇಳ್ಯಾರ. ಅದೊಂದೇ ವಿಚಾರ ಮಾಡ್ಲತ್ತಾರ. ಐತವಾರ ಅವರ ಮನಿಗಿ ಹೋಗಿ ಬರ್ರಿ.”

ನನ್ನ ಹೆಂಡತಿ ನನ್ನ ಬೈಲಿಲ್ಲ. ಬೈದಿದ್ರ ಪಾಡಿತ್ತು. ಮಗಳು ಅಡಗಿ ಮನಿ ಬಾಗಲಾಗ ನಿಂತು, “ಅಪ್ಪಾ, ಐತವಾರ ಒಂದಿನ ಸುಮ್ನ ಕುಂತು ಬಾ, ಸಾಕು” ಅಂದ್ಳು. ಅಕಿ ಕಣ್ಣಾಗ ನೀರಿತ್ತು. ನೆಲ ಬಾಯಿ ಬಿಟ್ರ ಒಳಗ ಹೋಗಬೇಕು ಅನಿಸ್ತು ನನಗ.

ಹೆಂಡತಿ ಔಷಧ ಹೇಳಿದ್ಳು: “ರೀ, ಸಿಟ್ಟು ಬಂದಾಗೊಮ್ಮಿ ಒಂದು ಗ್ಲಾಸ್ ನೀರು ಕುಡೀರಿ.” ಅವತ್ತು ಸಂಜೀ ಅನ್ನೋದ್ರೊಳಗ ಕೊಡ ಖಾಲಿ. ನೀರು ಮುಗದದ್ದಕ್ಕ ಮತ್ತ ಸಿಟ್ಟು ಬಂತು.

೪. ಭಾಲ್ಕಿದಾಗ

ಐತವಾರ ಹುಡುಗನ ಮನಿ ನೋಡ್ಲಿಕ್ಕಿ ನಾ ಒಬ್ಬನೇ ಹೊಂಟೆ. ಹೆಂಡತಿ ಮೂರು ಮಾತು ಹೇಳಿ ಕಳಿಸಿದ್ಳು. ಫೋನ್ ಬಂದ್ ಇಡಬೇಕು, ಯಾಕಂದ್ರ ನನ್ನ ಜಗಳ ಅರ್ಧ ಅದರಾಗೇ. ಲಗ್ನದ ಮಾತು ಅವರೇ ತೆಗೀಬೇಕು, ನಾ ತೆಗೀಬಾರ್ದು. ಏನೇ ಆದ್ರೂ ಸಿಟ್ಟಿಗಿ ಬರಬಾರ್ದು.

ಬಸ್ ಇಳದು, ಫೋನ್ ಬಂದ್ ಮಾಡೋಕಿಂತ ಮೊದಲ ಹುಡುಗನ ಅಪ್ಪಗ ದಾರಿ ಕೇಳಿದೆ. “ನೀಲಿ ಗೇಟಿನ ಮನಿ ಅದರೀ, ಆದ್ರ…” ಅಂತ ಅವರು ಸುರು ಮಾಡಿದ್ರು. “ಹಾಂ ಹಾಂ, ತಿಳೀತು ಬಿಡ್ರಿ” ಅಂದು ಕಟ್ ಮಾಡಿದೆ.

ನೀಲಿ ಗೇಟು ಸಿಕ್ತು. “ಬೀದರನಿಂದ ಬಂದೀನ್ರಿ” ಅಂದೆ. “ಬರ್ರಿ ಬರ್ರಿ!” ಅಂತ ಯಜಮಾನ್ರು ಒಳಗ ಕರದ್ರು. ಚುರಮುರಿ ಸುಸಲಾ ಬಂತು, ಚಹಾ ಬಂತು. ಮಳಿ ಬಗ್ಗಿ ಮಾತಾತು, ತೊಗರಿ ಬಗ್ಗಿ ಆತು. ಲಗ್ನದ ಮಾತು ಮಾತ್ರ ಇಲ್ಲ. ನನ್ನ ತಾಳ್ಮಿ ನೋಡ್ಲತ್ತಾರ ಅಂದ್ಕೊಂಡು ನಕ್ಕೋತ ಕುಂತೆ. ಊಟಕ್ಕ ಎಬ್ಬಿಸಿದ್ರು. ರೊಟ್ಟಿ, ಬದ್ನಿಕಾಯಿ ಪಲ್ಯ, ಹುಗ್ಗಿ. ಉಂಡೆ. ಉಂಡ ಮ್ಯಾಲ ತಲಿಗಿಂಬು ಕೊಟ್ಟು, “ಸ್ವಲ್ಪ ಅಡ್ಡಾಗ್ರಿ” ಅಂದ್ರು. ಅಡ್ಡಾದೆ. ಒಳಗ ಕುದೀಲತ್ತಿತ್ತು, ಮ್ಯಾಲ ನಗಿ ಬಿಡಲಿಲ್ಲ.

ಹೊತ್ತು ಇಳೀತು. ತಡಕೊಳ್ಳೋದು ಆಗ್ಲಿಲ್ಲ. ಆದ್ರೂ ಮೆತ್ತಗೇ ಕೇಳಿದೆ: “ಯಜಮಾನ್ರ, ಹುಡುಗನ್ನ ಒಂದ್ಸಲ ಕರೀತೀರೇನ್ರಿ?”

ಗಂಡ ಹೆಂಡತಿ ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. “ಯಾವ ಹುಡುಗರೀ? ನಮಗ ಇರೋವು ಎಲ್ಲಾ ಹೆಣ್ಣುಮಕ್ಕಳು, ಲಗ್ನಾನೂ ಆಗ್ಯಾವ.”

ನಮ್ಮ ಕಡಿ ಮನಿಗಿ ಬಂದವರಿಗಿ ‘ಯಾರು ನೀವು, ಯಾಕ ಬಂದೀರಿ’ ಅಂತ ಕೇಳೋ ಪದ್ಧತಿ ಇಲ್ಲ. ಯಜಮಾನ್ರು ನನ್ನನ್ನ ತಮ್ಮ ಹೆಂಡತಿ ತವರಿನವ ಅಂದ್ಕೊಂಡಿದ್ರು. ಅವರ ಹೆಂಡತಿ ನನ್ನನ್ನ ತಮ್ಮ ಗಂಡನ ಕಡಿಯವ ಅಂದ್ಕೊಂಡಿದ್ರು. ನನ್ನ ಮಾರಿ ಇಷ್ಟಾತು. ಮಂದಿ ಮನ್ಯಾಗ ಹುಗ್ಗಿ ಎರಡು ಸಲ ಹಾಕಿಸ್ಕೊಂಡು, ನಿದ್ದೀನೂ ಮಾಡಿದ್ದೆ! ಕೈ ಮುಗದು ಹೊರಗ ಬಂದೆ. ಎದುರಿಗೇ ಇನ್ನೊಂದು ನೀಲಿ ಗೇಟು. ಅದರ ಕಟ್ಟಿ ಮ್ಯಾಲ ಒಂದು ಮನಿಮಂದಿ ಪೂರಾ ಹೊಸ ಅರಿವಿ ಹಾಕ್ಕೊಂಡು ನನ್ನೇ ನೋಡ್ಕೋತ ಕುಂತಿತ್ತು.

ಆತು, ಮಗಳ ಸಂಬಂಧ ಮುರೀತು ಅಂದ್ಕೊಂಡೆ. ತಲಿ ತಗ್ಗಿಸಿ ಹೋಗಿ, “ತಪ್ಪಾತ್ರೀ, ಮನಿ ತಪ್ಪಿ ಹೋಗಿದ್ದೆ” ಅಂದೆ.

“ಗೊತ್ತದರೀ” ಅಂದ್ರು ಹುಡುಗನ ಅಪ್ಪ. “ನೀವು ಒಳಗ ಹೋಗೋದು ನಾವು ಎಲ್ಲಾರೂ ನೋಡೀವಿ.”

“ಅಯ್ಯ! ಮತ್ತ ಒಂದು ಮಾತು ಕರೀಬಾರ್ದೇನ್ರಿ?”

ಅಪ್ಪ ಅವ್ವನ ಮಾರಿ ನೋಡಿದ್ರು, ಅವ್ವ ಹುಡುಗನ್ನ ಮುಂದ ನೂಕಿದ್ಳು. ಹುಡುಗ ನನ್ನ ಕಾಲಿಗಿ ಬಿದ್ದು, ಎದ್ದು, ಎರಡು ಹೆಜ್ಜಿ ಹಿಂದ ಸರದು ಅಂದ:

“ಕರೀಲಿಕ್ಕಿ ನಾ ಆ ಗೇಟಿನ ತನಕ ಬಂದಿದ್ದೆರೀ, ಮಾವಾರ. ನೀವು ಸಿಟ್ಟಿಗೆದ್ದು ಹುಡುಗಿ ಕೊಡಂಗಿಲ್ಲ ಅಂದ್ರ ಹ್ಯಾಂಗ ಅಂತ ಅಂಜಿಕಿ ಬಂತು. ಉಂಡಾದ್ರೂ ಬರ್ಲಿ ಅಂತ ಕುಂತ್ವಿ.”