ಆಪತ್ತಿಗೊಂದು ಹೊರಸು

ಮಸ್ಕಿಯ ನಮ್ಮ ಮಾವನ ಮನೆಯಲ್ಲಿ ಮಲಗುವ ಹೊರಸಿನ ಹಗ್ಗ ಬಿಗಿಯಾಗಿದೆಯೆಂದರೆ, ಆ ಮನೆಗೆ ಮೊನ್ನೆ ಮೊನ್ನೆ ಏನೋ ಆಪತ್ತು ಬಂದುಹೋಗಿದೆಯೆಂದೇ ಅರ್ಥ! ಕಷ್ಟ ಬಂದರೆ ಬೇರೆಯವರು ಹರಕೆ ಹೊರುತ್ತಾರೆ, ಇಲ್ಲವೇ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ನಮ್ಮ ಮಾವ ಹೊರಸು ಬಿಚ್ಚುತ್ತಿದ್ದ. ಪುಂಡಿನಾರಿನ ಹಗ್ಗದ ತುದಿಗಳನ್ನು ಮನೆಮಂದಿಯ ಕೈಗೆ ಕೊಟ್ಟು, ಹೊಸದಾಗಿ ಹೆಣೆಯುತ್ತಿದ್ದ. ಆತ ನಮ್ಮವ್ವನ ಖಾಸಾ ಅಣ್ಣ. ಆತನ ಮಗಳನ್ನೇ ಮದುವೆಯಾಗಿ, ಆ ಮನೆಯಲ್ಲೇ ಠಿಕಾಣಿ ಹೂಡಿದ ನನ್ನಂಥವನಿಗೆ ತಪ್ಪಿಸಿಕೊಳ್ಳಲು ದಾರಿಯೆಲ್ಲಿ?

ಮದುವೆಯಾದ ವರ್ಷವೇ, ನಲವತ್ತೆಂಟರಲ್ಲಿ, ನಿಜಾಮನ ಕಡೆಯ ರಜಾಕಾರರು ಲೂಟಿಗೆ ಬರುತ್ತಾರೆಂದು ಊರು ಗಂಟುಮೂಟೆ ಕಟ್ಟಿತು. ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತ ಶೂರ ನಾನು. ಮಾವ ಅಂಗಳದಲ್ಲಿ ಹೊರಸನ್ನು ಬೋರಲು ಹಾಕಿದ್ದ!

"ಜೀವ ಹೋಗೋ ಹೊತ್ತಿನಾಗ ಹೊರಸು ಬಿಚ್ಚಾಕತ್ತೀರಲ್ರೀ!" ಎಂದು ಅತ್ತೆ ಚೀರಿದಳು.

"ವಾಪಸ್ ಬಂದ ಮ್ಯಾಲ ನೆಲಕ್ಕ ಮಲಗತೀಯೇನು? ತುದಿ ಹಿಡಿ."

ಹಿಡಿದೆವು. ಯಾರು ಸಡಿಲ ಬಿಟ್ಟರೆಂದು ಜಗಳವಾಡುತ್ತ ಹೆದರಿಕೆಯೇ ಮರೆತುಹೋಯಿತು. ಹೆಣೆದು ಮುಗಿಸುವಷ್ಟರಲ್ಲಿ, ಓಡಿಹೋದವರೆಲ್ಲ ಸುದ್ದಿ ಸುಳ್ಳೆಂದು ತಿಳಿದು ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದರು!

ಸಿಂಧನೂರಿನಲ್ಲಿ ಗೊತ್ತಾಗಿದ್ದ ನಾದಿನಿಯ ಸಂಬಂಧ ಮುರಿದಾಗ ಎರಡು ಹೊರಸು ಬೇಕಾದವು. ಅಲ್ಲಿಂದ ನಾವು ಕಷ್ಟಗಳನ್ನು ಹೊರಸಿನಲ್ಲೇ ಅಳೆಯತೊಡಗಿದೆವು.

ಐವತ್ತಾರರಲ್ಲಿ ಮೂರು ಹೊರಸಿನ ಆಪತ್ತು ಬಂತು. ನನ್ನದೇ! ಲಿಂಗಸುಗೂರಿನ ಕಚೇರಿಯಲ್ಲಿ ನಾನು ಗುಮಾಸ್ತ. ಕಲಿತದ್ದೆಲ್ಲ ಉರ್ದು. ಕನ್ನಡದಲ್ಲಿ ಜಗಳವಾಡಬಲ್ಲೆ, ಬರೆಯಲಾರೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದೇ ತಡ, ತಿಂಗಳೊಳಗೆ ಕನ್ನಡ ಬರೆದು ತೋರಿಸದಿದ್ದರೆ ನೌಕರಿ ಇಲ್ಲವೆಂದರು ಸಾಹೇಬರು. ಎರಡು ಮಕ್ಕಳ ತಂದೆ ನಾನು, ಮನೆಗೆ ಬಂದು ಮುಸುಕೆಳೆದು ಮಲಗಿದೆ. ನಾನು ಮಲಗಿದ್ದ ಹೊರಸನ್ನೇ ಮಾವ ಬಿಚ್ಚತೊಡಗಿದ!

"ಏಳಲೇ ಅಳಿಯ, ತುದಿ ಹಿಡಿ." ಆಮೇಲೆ ಮಗಳ ಕಡೆ ತಿರುಗಿ, "ನೀ ಅಕ್ಷರ ಹೇಳವ್ವ" ಎಂದ.

ನನ್ನ ಹೆಂಡತಿ ಮಠದ ಅಯ್ಯನವರ ಹತ್ತಿರ ಓದುಬರಹ ಕಲಿತವಳು. ಮಾವ ಒಂದು ಎಳೆ ಎಳೆದರೆ ಆಕೆ ಮಣ್ಣಿನಲ್ಲಿ ಒಂದು ಅಕ್ಷರ ಬರೆಯುತ್ತಿದ್ದಳು. ಎಡಗೈಯಲ್ಲಿ ಹಗ್ಗ ಹಿಡಿದು ಬಲಗೈಯಿಂದ ನಾನದನ್ನು ತಿದ್ದಬೇಕು. ಮೀಸೆ ಹೊತ್ತ ಗಂಡಸು "ಕ ಕಾ ಕಿ ಕೀ" ಎಂದು ಒದರುವುದನ್ನು ಕೇಳಿ ಓಣಿಯ ಹೆಂಗಸರು ಕೊಡ ಇಳಿಸಿ ನಿಂತು ನಗುತ್ತಿದ್ದರು.

"ರೀ, ಅದರ ನಡಕ ಚುಕ್ಕಿ ಐತ್ರಿ! ಎಷ್ಟು ಸಲ ಹೇಳ್ಬೇಕು?" ಇದು ಗುರುಗಳ ಗದರಿಕೆ. ಮಾವ ಮಣ್ಣಿನ ಮೇಲೆ ಕಣ್ಣಿಟ್ಟೇ ಹಗ್ಗ ಜಗ್ಗುತ್ತಿದ್ದ.

ಆ ತಿಂಗಳು ಮೂರು ಹೊರಸುಗಳನ್ನೂ ಎಷ್ಟು ಸಲ ಬಿಚ್ಚಿ ಹೆಣೆದೆವೋ! ಸಾಹೇಬರೆದುರು ಬರೆಯುವಾಗ ಕೆಲವು ದೀರ್ಘಗಳು ಎಲ್ಲೋ ಹಾರಿಹೋದವು. ಆದರೂ ನೌಕರಿ ಉಳಿಯಿತು. ಕನ್ನಡದಲ್ಲೇ ಬರೆದ ಹುಕುಂ ಕಾಗದ ಹಿಡಿದು ಮನೆಗೆ ಬಂದೆ.

ಮಾವ ಕಾಗದ ಇಸಿದುಕೊಂಡ. ಹುಟ್ಟಾ ಹೆಬ್ಬೆಟ್ಟಿನ ಮನುಷ್ಯ, ಇದರಲ್ಲೇನು ನೋಡುತ್ತಾನೆಂದು ನನಗೆ ನಗು. ಆತ ಸಾಲಿನ ಮೇಲೆ ಬೆರಳಿಟ್ಟು, ಹುಡುಕಿ, ಒಂದೊಂದೇ ಅಕ್ಷರ ಕೂಡಿಸಿ, ನನ್ನ ಹೆಸರು ಓದಿದ.

"ಯಾವಾಗ ಕಲ್ತಿ ಮಾವಾ?"

"ನಿನ್ನ ಸಂಗಾಟನ, ಹಗ್ಗ ಜಗ್ಗಕೋತ. ಒಂದು ವ್ಯಾಳೆ ನಿನಗ ಬರದಿದ್ರ, ನನಗೂ ಪೂರಾ ಬಂದಿಲ್ಲಪಾ, ಇಬ್ಬರೂ ಕೂಡಿ ಮತ್ತ ಸುರು ಮಾಡೂನು ಅಂತ ಹೇಳಾಕ ಬೇಕಾಗಿತ್ತು."

ಎಂಟು ವರ್ಷ ಆತನ ಹುಚ್ಚಿಗೆ ನಕ್ಕವನು ನಾನು. ಹೆಂಡತಿ ನೋಡುತ್ತಿದ್ದಾಳೆಂಬ ನಾಚಿಕೆಯನ್ನೂ ಬಿಟ್ಟು, ಮಾವನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.