ಬುಟ್ಟಿಗಾಡಿಯೂ ಅಂಗಳದ ಹಗೇವೂ

ಪರರು ಹೇಳಿದ್ದನ್ನು ಪರೀಕ್ಷಿಸದೆ ಒಪ್ಪಬಾರದೆಂಬುದು ನಾನು ಸ್ವಂತ ಓದಿನಿಂದ ಸಂಪಾದಿಸಿದ ಏಕೈಕ ಪದವಿ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನಿಗೆ ಬೇರೆ ಪದವಿ ಕೊಡುವವರಾದರೂ ಯಾರು? ಈ ಗುಣದಿಂದ ಮನೆಯವರಿಗೆ ತೊಂದರೆಯಾಗಿರಬಹುದು. ನನಗೆ ಆದದ್ದು ಒಂದೇ ಸಲ.

ಅಂಕಲಗಿಯ ಕಡೆಗೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ಮಮದಾಪುರದಲ್ಲಿ ನಮ್ಮ ಮನೆಗೆ ಹೊಂದಿಕೊಂಡಿದ್ದ ಬೆಲ್ಲದ ಗೋದಾಮಿನ ಮೇಲಿನ ತಗಡುಗಳನ್ನು ತುಕ್ಕು ತಿಂದಿದೆ, ಎಲ್ಲವನ್ನೂ ಬದಲಿಸಬೇಕು ಎಂದು ಮಿಸ್ತ್ರಿ ಭರಮಪ್ಪ ಹೇಳಿದ. ಕೆಳಗೆ ನಿಂತು ನೋಡಿದ ನನಗೆ ಅವು ಇನ್ನೂ ಹತ್ತು ವರ್ಷ ಬಾಳುವಂತೆ ಕಂಡವು. ಕಣ್ಣಾರೆ ನೋಡಿಯೇ ತೀರ್ಮಾನಿಸುವೆನೆಂದು ಗೋಕಾಕದಿಂದ ಬುಟ್ಟಿಗಾಡಿ ತರಿಸಿದೆ: ಲಾರಿಯ ಬೆನ್ನ ಮೇಲೆ ಕಬ್ಬಿಣದ ಉದ್ದ ತೋಳು, ಅದರ ತುದಿಗೆ ಇಬ್ಬರು ನಿಲ್ಲಬಹುದಾದ ಬುಟ್ಟಿ, ಲಾರಿ ಅಲುಗದಂತೆ ನೆಲಕ್ಕೆ ಊರಲು ಪಕ್ಕಗಳಲ್ಲಿ ಕಬ್ಬಿಣದ ಕಾಲುಗಳು. ಬುಟ್ಟಿಯಲ್ಲಿ ನಿಲ್ಲುವವರು ಸೊಂಟಕ್ಕೆ ಪಟ್ಟಾ ಕಟ್ಟಿಕೊಳ್ಳಬೇಕಂತೆ. ಸುತ್ತಲೂ ಕಟಕಟೆ ಇರುವಾಗ ಪಟ್ಟಾ ಏಕೆಂದು ನಾನು ವಾದಿಸಿದೆ.

ಚಾಲಕ ದಸ್ತಗೀರ ವಾದಕ್ಕಿಳಿಯಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ಅಂಗಳದ ಎರೆಮಣ್ಣನ್ನು ಕೈಯಿಂದ ಒತ್ತಿ ನೋಡಿದ.

“ಕಾಕಾ, ಇಲ್ಲೆ ಹಗೇವು ಏನರ ಇತ್ತೇನ್ರಿ?”

ಹಿಂದಿನವರು ಜೋಳ ತುಂಬಿಡಲು ನೆಲದಡಿ ತೋಡುತ್ತಿದ್ದ ಕಣಜವೇ ಹಗೇವು. ನಮ್ಮ ಅಂಗಳದಲ್ಲಿಯೂ ಒಂದಿತ್ತೆಂದು ಸೋದರತ್ತೆ ಪದ್ಮವ್ವ ಹೇಳುತ್ತಿದ್ದುದುಂಟು. ಲಿಖಿತ ಆಧಾರವಿಲ್ಲವೆಂದು ನಾನು ಅದನ್ನು ತಳ್ಳಿಹಾಕಿದ್ದೆ.

“ಇಲ್ಲ,” ಎಂದೆ.

“ಗಂಡಸರಿಗೆ ಗೊತ್ತಿರೂದಿಲ್ರಿ. ಮನ್ಯಾಗ ವಯಸ್ಸಾದ ಅವ್ವಾರ ಇದ್ರ ಕರೀರಿ. ಅವರನ್ನ ಕೇಳದ ನಾ ಎಲ್ಲೂ ಗಾಡಿ ಕಾಲು ಊರೂದಿಲ್ಲ. ಇಲ್ಲೆ ಒಂದ ಕಾಲು ಒಂದ ಗೇಣಿನಷ್ಟ ಕುಸದ್ರ, ಮ್ಯಾಲ ಬುಟ್ಟಿ ವಾಲಿ ಗ್ವಾಡಿ ದಾಟಿ ಹೋಗತೈತಿ.”

ಅತ್ತೆ ಕೋಲೂರುತ್ತ ಬಂದಳು. ಅಂಗಳದ ನಡುವೆ ಕೋಲು ಕುಟ್ಟಿದಳು.

“ಇಲ್ಲೇ ಐತಿ. ಸಣ್ಣಾಕಿ ಇದ್ದಾಗ ಇದರಾಗ ಇಳದೇನಿ ನಾ. ನಿಮ್ಮಪ್ಪ ಜಾಲಿ ತೊಲಿ ಹಾಸಿ, ಮಣ್ಣ ಎಳಸಿ ಮುಚ್ಚಿಸಿದಾಗ ನೀ ಇನ್ನೂ ತೊಟ್ಟಲದಾಗಿದ್ದಿ.”

“ಅತ್ತಿ, ಪುರಾವೆ ಏನೈತಿ?”

“ಪುರಾವಿ ಬೇಕಾದ್ರ ಮ್ಯಾಲ ನಿಂತ ಕುಣದ ನೋಡು!”

ದಸ್ತಗೀರ ‘ಬ್ಯಾಡ್ರಿ ಕಾಕಾ’ ಎನ್ನುವಷ್ಟರಲ್ಲಿ ನಾನು ಕುಣಿದೆ. ಮೊದಲ ನೆಗೆತಕ್ಕೆ ಏನೂ ಆಗಲಿಲ್ಲ. ಅತ್ತೆಯತ್ತ ನೋಡಿ ನಗುತ್ತ ಎರಡನೆಯ ಸಲ ನೆಗೆದೆ. ನೆಲ ಬಾಯಿ ತೆರೆಯಿತು. ಎರಡು ತೋಳುಗಳೂ ಅಂಚಿಗೆ ಸಿಕ್ಕಿಕೊಂಡವು. ಮುರಿದ ತೊಲೆಗೆ ಬಡಿದು ಪಾದ ಹೊರಳಿತು. ಕೆಳಗೆ ಕಾಲಿಗೆ ಏನೂ ಸಿಗಲಿಲ್ಲ. ಆ ಕ್ಷಣ ಪ್ರಾಣವೆಲ್ಲ ಮೊಣಕೈಗಳಲ್ಲಿತ್ತು.

“ಅಲ್ಲಾಡಬ್ಯಾಡ್ರಿ!” ಎಂದು ಕೂಗಿ ದಸ್ತಗೀರ ಹೊಟ್ಟೆಯ ಮೇಲೆ ತೆವಳಿ ಬಂದ. ಆಕಾಶದಲ್ಲಿ ಕಟ್ಟಿಕೊಳ್ಳಲು ಒಪ್ಪದ ಪಟ್ಟಾವನ್ನು ನೆಲದ ಮೇಲೆಯೇ ನನ್ನ ಕಂಕುಳಿಗೆ ಕಟ್ಟಿದರು. ಅವನೂ ಭರಮಪ್ಪನೂ ಎಳೆದರು; ಅತ್ತೆ ಬೈದಳು.

ಗಾಡಿಯನ್ನು ಹಿತ್ತಲ ಕಡೆಯ ಗಟ್ಟಿ ಗರಸಿನ ನೆಲಕ್ಕೆ ಒಯ್ದು, ಕಾಲುಗಳ ಕೆಳಗೆ ದಪ್ಪ ಹಲಗೆ ಹಾಕಿ, ರಸಮಟ್ಟ ನೋಡಿ, ಖಾಲಿ ಬುಟ್ಟಿಯನ್ನು ಒಮ್ಮೆ ಏರಿಸಿ ಇಳಿಸಿದ ಮೇಲೆಯೇ ಭರಮಪ್ಪನನ್ನು ಹತ್ತಿಸಿದರು. ನಾನು ಹೊರಸಿನ ಮೇಲೆ ಮಲಗಿ ಬುಟ್ಟಿಯ ತಳವನ್ನಷ್ಟೇ ಕಂಡೆ.

ಕೆಳಗಿಳಿದು ಬಂದ ಮೊದಲ ತಗಡಿನಲ್ಲಿ ಜರಡಿಯಂತೆ ತೂತುಗಳಿದ್ದವು. ಅವು ಇಳಿಸುವಾಗ ಬಿದ್ದಿರಲೂಬಹುದೆಂದು ಹೇಳಲು ಬಾಯಿ ತೆರೆದೆ. ಆದರೆ ನನ್ನ ಬಾತ ಪಾದ ಆಗ ಅತ್ತೆಯ ಮಡಿಲಲ್ಲಿತ್ತು. ಅವಳು ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ಎಷ್ಟು ಒತ್ತಬೇಕೆಂಬುದು ಪೂರ್ತಿ ಅವಳ ಇಚ್ಛೆಗೆ ಸೇರಿತ್ತು. ಭರಮಪ್ಪನ ವರದಿಯನ್ನು ಒಪ್ಪಿಕೊಂಡೆ.